ಬಡಗಿ ಮೈಕೆಲ್ ಥೋನೆಟ್ ಕುರ್ಚಿ ಕಾರ್ಖಾನೆಯ ಒಡೆಯನಾದದ್ದು ಹೇಗೆ?

ಮರವನ್ನು ಕೆತ್ತುವ ಬದಲು ಬಗ್ಗಿಸುವುದನ್ನು ಕಲಿತಿದ್ದರಿಂದ. ಇಂದಿನ ಜರ್ಮನಿಯ ಬೊಪ್ಪಾರ್ಡ್‌ನಲ್ಲಿ 1796ರಲ್ಲಿ ಹುಟ್ಟಿದವನು, ಅಲ್ಲೇ ಮರಗೆಲಸ ಮಾಡಿಕೊಂಡಿದ್ದು 1842ರಲ್ಲಿ ವಿಯೆನ್ನಾಗೆ ಹೋದ.

ಬೀಚ್ ಅನ್ನೋ ಯುರೋಪಿನ ಗಟ್ಟಿ ಮರದ ಕೋಲನ್ನು ಹಬೆಯಲ್ಲಿಟ್ಟರೆ ಮೆತ್ತಗಾಗುತ್ತದೆ. ಆದರೆ ಸುಮ್ನೆ ಬಗ್ಗಿಸಿದರೆ ಹೊರಮೈಯ ಎಳೆಗಳು ಹಿಗ್ಗಲಾರದೆ ಸೀಳುತ್ತವೆ. ಅದಕ್ಕೇ ಹೊರಮೈಗೆ ಲೋಹದ ಪಟ್ಟಿ ಬಿಗಿದ. ಈಗ ಹೊರಮೈ ಹಿಗ್ಗುವುದಿಲ್ಲ, ಒಳಮೈ ಕುಗ್ಗುತ್ತದೆ. ಮರ ಸೀಳದೆ ಬಾಗುತ್ತದೆ. ಎಷ್ಟು ಸರಳ ಅಲ್ವಾ! ಅವನ ನಿಜವಾದ ಜಾಣ್ಮೆ ಇದೇ ಅಂತ ನನಗನ್ನಿಸುತ್ತದೆ.

ಈ ಕೆಲಸಕ್ಕೆ ನುರಿತ ಬಡಗಿಗಳು ಜಾಸ್ತಿ ಬೇಕಿರಲಿಲ್ಲ. ಹಾಗಾಗಿ ನಗರದಲ್ಲೇ ಇರಬೇಕೆಂದಿರಲಿಲ್ಲ; 1850ರ ದಶಕದಲ್ಲಿ ಇಂದಿನ ಚೆಕ್ ದೇಶದ ಮೊರಾವಿಯಾದಲ್ಲಿ ಬೀಚ್ ಮರದ ಕಾಡಿನ ಹತ್ತಿರವೇ ಕಾರ್ಖಾನೆ ಕಟ್ಟಿದ. 1859ರಲ್ಲಿ ಬಂದ ‘14ನೇ ನಂಬರ್’ ಕುರ್ಚಿ ಮುಂದೆ ಆರು ಮರದ ತುಂಡು, ಹತ್ತು ಸ್ಕ್ರೂ, ಎರಡು ನಟ್‌ಗೆ ಇಳಿಯಿತು. ಬಿಡಿ ಭಾಗಗಳಾಗಿ ಪೇರಿಸಿಟ್ಟರೆ ಒಂದು ಘನ ಮೀಟರ್ ಪೆಟ್ಟಿಗೆಯಲ್ಲಿ 36 ಕುರ್ಚಿ ಹಿಡಿಯುತ್ತಿದ್ದವು.