‘ಐತೆ’ ಅಂದರೆ ಕನ್ನಡ ಬರುವುದಿಲ್ಲ ಅಂತಲೇ?

ಪ್ರಶ್ನೆ: ನಮ್ಮ ತಾಲ್ಲೂಕಿನ ಚುನಾವಣಾ ಸಭೆಯಲ್ಲಿ ಅಭ್ಯರ್ಥಿಯೊಬ್ಬರು ‘ಏಮಾವತಿ ನೀರು ಕೆರೆಗೆ ಬತ್ತೈತೆ’ ಅಂದರು. ಕಾಲೇಜಿಗೆ ಹೋಗುವ ನನ್ನ ಮಗ ನಕ್ಕುಬಿಟ್ಟ. ‘ಕನ್ನಡವೇ ನೆಟ್ಟಗೆ ಬರಲ್ಲ, ಇವರೇನು ಆಡಳಿತ ಮಾಡ್ತಾರೆ’ ಅಂದ. ಮಾತು ಕೇಳಿ ಯೋಗ್ಯತೆ ಅಳೆಯಬಹುದೇ?
— ಓದುಗರೊಬ್ಬರು, ಗುಬ್ಬಿ

ಉತ್ತರ: ಮಾತು ಕೇಳಿದರೆ ಊರು, ಜಾತಿ, ಓದು ಅಂದಾಜಾಗುತ್ತದೆ. ಯೋಗ್ಯತೆ ಗೊತ್ತಾಗುವುದಿಲ್ಲ.

ನಾನು ತಿಪಟೂರು ಕಡೆಯವನು. ಅಲ್ಲಿನ ಕೊಬ್ಬರಿ ಮಾರುಕಟ್ಟೆಯಲ್ಲಿ ರೈತ ‘ರೇಟು ಎಷ್ಟೈತೆ’ ಅಂತ ಕೇಳಿದರೆ ಯಾರೂ ನಗುವುದಿಲ್ಲ. ಅದೇ ‘ಐತೆ’ ಮೈಕಿನಲ್ಲಿ ಬಂದರೆ ನಗುತ್ತಾರೆ. ಅಮೆರಿಕದ ಭಾಷಾ ವಿದ್ವಾಂಸ ವಿಲಿಯಂ ಬ್ರೈಟ್ 1950ರ ದಶಕದಲ್ಲೇ ಕನ್ನಡದ ಆಡುಮಾತನ್ನು ಅಭ್ಯಾಸ ಮಾಡಿದರು. ಬ್ರಾಹ್ಮಣರ ಮನೆಮಾತಿಗೂ ಒಕ್ಕಲಿಗರ ಮನೆಮಾತಿಗೂ ಇರುವ ವ್ಯತ್ಯಾಸವನ್ನು ಬರೆದಿಟ್ಟರು. ‘ಇದೆ’, ‘ಐತೆ’ ಅಂಥದೇ ಜೋಡಿ. ಇವೆರಡರಲ್ಲಿ ಒಂದು ಪಠ್ಯಪುಸ್ತಕಕ್ಕೆ ಹೋಯಿತು, ಇನ್ನೊಂದು ಹೊಲದಲ್ಲೇ ಉಳಿಯಿತು.

‘ಬತ್ತೈತೆ’ ಬಾಯಿಗೆ ಬಂದಂತೆ ಆಡಿದ ಮಾತಲ್ಲ. ಹಳಗನ್ನಡದ ‘ಇರ್ದಂ’ ಅನ್ನುವುದರಲ್ಲಿ ರಕಾರ ಬಿದ್ದು, ದಕಾರ ಒತ್ತಾಗಿ ‘ಇದ್ದ’ ಆಯಿತು. ‘ಬರ್ತಾನೆ’ ‘ಬತ್ತಾನೆ’ ಆಗುವುದೂ ಹಾಗೆಯೇ. ‘ಇದ್ದ’ ಅಂದರೆ ನಿಮ್ಮ ಮಗ ನಗುವುದಿಲ್ಲ ಅಲ್ವಾ? ‘ಹೇಮಾವತಿ’ ‘ಏಮಾವತಿ’ ಆದದ್ದೂ ಅಷ್ಟೇ. ಹಿಂದೆ ‘ಪಾಲ್’ ಇದ್ದದ್ದು ‘ಹಾಲು’ ಆಯಿತು, ನಮ್ಮ ಹಳ್ಳಿಗಳಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ ‘ಆಲು’ ಆಗಿದೆ.

ಈ ನಗು ಜನರ ಬಾಯಿ ಕಟ್ಟುತ್ತದೆ. ಗ್ರಾಮಸಭೆಯಲ್ಲಿ ಎದ್ದು ನಿಂತ ಸದಸ್ಯೆಯೊಬ್ಬರು ‘ಎಲ್ಲರಿಗೂ ಹಭಿನಂದನೆ’ ಅಂದದ್ದನ್ನು ಕೇಳಿದ್ದೇನೆ. ಅದು ತಿಳಿಯದೆ ಆಡಿದ್ದಲ್ಲ. ಎಲ್ಲಿ ಹಕಾರ ಬಿಟ್ಟುಹೋಗಿ ಜನ ನಗುತ್ತಾರೋ ಅನ್ನುವ ಭಯಕ್ಕೆ ಬೇಡದ ಕಡೆಯೂ ಹಾಕಿದರು. ಆಮೇಲೆ ಅವರು ಬೀದಿ ದೀಪದ ವಿಷಯ ಎತ್ತಲೇ ಇಲ್ಲ, ಸುಮ್ನೆ ಕೂತುಬಿಟ್ಟರು. ನನಗೆ ಬಹಳ ಸಂಕಟವಾಯಿತು.

ಇದು ನಮ್ಮಲ್ಲಿ ಮಾತ್ರ ಅಂದುಕೊಳ್ಳಬೇಡಿ. 1962ರಲ್ಲಿ ಅಮೆರಿಕದ ಇನ್ನೊಬ್ಬ ಭಾಷಾ ವಿದ್ವಾಂಸ ವಿಲಿಯಂ ಲಬೋವ್ ನ್ಯೂಯಾರ್ಕಿನ ಮೂರು ದೊಡ್ಡ ಅಂಗಡಿಗಳಿಗೆ ಹೋಗಿ, ನಾಲ್ಕನೇ ಮಹಡಿ ಅಂತ ಉತ್ತರ ಬರುವ ಹಾಗೆ ಸಾಮಾನು ಎಲ್ಲಿದೆ ಅಂತ ಕೇಳಿದರು. ‘ಫೋರ್ತ್ ಫ್ಲೋರ್’ ಅನ್ನುವಾಗ ರಕಾರವನ್ನು ಜಾಸ್ತಿ ನುಡಿದವರು ದುಬಾರಿ ಅಂಗಡಿಯ ನೌಕರರು. ಅಲ್ಲಿಯೂ ರಕಾರ ನುಡಿಯುವುದೇ ಅಂತಸ್ತಿನ ಗುರುತಾಗಿತ್ತು.

ನಿಮ್ಮ ಮಗ ಕೇಳಬೇಕಾದ ಪ್ರಶ್ನೆ ಬೇರೆ ಇತ್ತು. ನೀರು ಯಾವ ಕೆರೆಗೆ, ಯಾವ ನಾಲೆಯಿಂದ, ಯಾವ ತಿಂಗಳಲ್ಲಿ? ‘ತಮ್ಮೆಲ್ಲರ ಆಶೀರ್ವಾದದಿಂದ’ ಅಂತ ಶುದ್ಧವಾಗಿ ಮಾತಾಡುವವರನ್ನೂ ಇದನ್ನೇ ಕೇಳಬೇಕು.

ವ್ಯಾಕರಣ ನೋಡಲೇಬೇಕು ಅಂದರೆ ಕ್ರಿಯಾಪದದ ಕೊನೆ ನೋಡಿ. ಒಂದು ಸಭೆಯಲ್ಲಿ ನಾನು ಮುಂದಿನ ಸಾಲಿನಲ್ಲಿದ್ದೆ. ಭಾಷಣದಲ್ಲಿ ಒಂದಕ್ಷರ ತಪ್ಪದ ನಾಯಕರು, ಗುತ್ತಿಗೆದಾರನ ಮಗ ಬಂದಾಗ ‘ಬನ್ನಿ ಬನ್ನಿ, ಕೂತ್ಕೊಳಿ’ ಅಂದರು. ಹುಡುಗನಿಗೆ ಇನ್ನೂ ಮೀಸೆ ಬಲಿತಿರಲಿಲ್ಲ. ಮರುಕ್ಷಣವೇ ಶಾಮಿಯಾನದ ಕೆಲಸದ ಮುದುಕರ ಕಡೆ ತಿರುಗಿ ‘ಏಯ್, ಆ ಕುರ್ಚಿ ತಾರೋ’ ಅಂದರು. ಆ ಮುದುಕರ ತಲೆ ಪೂರ್ತಿ ನರೆತಿತ್ತು. ಒಬ್ಬರಿಗೆ ‘ಬನ್ನಿ’, ಇನ್ನೊಬ್ಬರಿಗೆ ‘ತಾರೋ’. ಯಾರನ್ನು ತಮ್ಮ ಸಮ ಅಂದುಕೊಂಡಿದ್ದಾರೆ ಅನ್ನುವುದು ಅಲ್ಲಿ ಗೊತ್ತಾಗುತ್ತದೆ.

ಹಾಗಂತ ಏಕವಚನವೆಲ್ಲ ಅಗೌರವವಲ್ಲ. ನಮ್ಮ ಹಳ್ಳಿಗಳಲ್ಲಿ ಅಜ್ಜಿಗೆ ‘ಉಂಡ್ಯಾ’ ಅಂತಲೇ ಕೇಳುತ್ತೇವೆ. ಅಜ್ಜಿಯೂ ನಮ್ಮನ್ನು ಹಾಗೆಯೇ ಕೇಳುತ್ತಾಳೆ. ಆದರೆ ಆ ಮುದುಕರು ತಿರುಗಿ ‘ನೀನೇ ತಗೊಳೋ’ ಅನ್ನುವ ಹಾಗಿರಲಿಲ್ಲ. ‘ತಂದೀನಿ ಸ್ವಾಮಿ’ ಅಂತ ಹೇಳಿ, ಕುರ್ಚಿ ಇಟ್ಟು ಹೋದರು.