ಡೆಲ್ಟಾ ಟಿ 74.5 ಮೊದಲು ತೆಗೆಯಿರಿ

ಸರ್, ಐದು ಅಕಲ್ಟೇಶನ್‌ಗಳಲ್ಲೂ (ಚಂದ್ರ ನಕ್ಷತ್ರವನ್ನು ಮರೆಮಾಡುವ ಘಟನೆ) ನಕ್ಷತ್ರ ಲೆಕ್ಕಕ್ಕಿಂತ ತಡವಾಗಿ ಮರೆಯಾಯ್ತು, ಚಂದ್ರನ ಅಂಚಿನ ಬೆಟ್ಟಗುಡ್ಡವೇ ಕಾರಣ ಅಂತ ಬರೆದಿದ್ದೀರಿ. ಅಂಚಿನದೇ ತಪ್ಪಾಗಿದ್ದರೆ ಕೆಲವು ಬೇಗ, ಕೆಲವು ತಡ ಆಗಬೇಕಿತ್ತು. ಐದೂ ಒಂದೇ ಕಡೆಗೆ ವಾಲಿವೆ. ನಿಮ್ಮ ಸ್ಕ್ರೀನ್‌ಶಾಟ್‌ನಲ್ಲಿ ಡೆಲ್ಟಾ ಟಿ (ಚಂದ್ರನ ಸ್ಥಾನ ಲೆಕ್ಕ ಹಾಕುವ ಸಮಗತಿಯ ಕಾಲಕ್ಕೂ ಭೂಮಿಯ ತಿರುಗುವಿಕೆಯ ಕಾಲಕ್ಕೂ ಇರುವ ಅಂತರ) 74.5 ಸೆಕೆಂಡು ಅಂತಿದೆ, ನೋಡಿ. ನಾನೂ ಇದೇ ತಪ್ಪು ಮಾಡಿದ್ದೆ, ಅದಕ್ಕೇ ಇಷ್ಟುದ್ದ ಬರೀತಿದ್ದೇನೆ.

ಅದು ಡೆಲ್ಟಾ ಟಿ ಅಂದಾಜಿಸುವ ಎಸ್ಪೆನಾಕ್–ಮೀಯಸ್ ಸೂತ್ರ 2025ಕ್ಕೆ ಕೊಡುವ ಅಂಕಿ. ಭೂಮಿ ನಿಧಾನವಾಗುತ್ತಲೇ ಹೋಗುತ್ತದೆ ಅಂತ ಸೂತ್ರ ಎಣಿಸಿತ್ತು. ಭೂಮಿ ಹಾಗೆ ಮಾಡಲಿಲ್ಲ, 2020ರ ಸುಮಾರಿಗೆ ಸ್ವಲ್ಪ ಚುರುಕೇ ಆಯಿತು. ಐದು ಸೆಕೆಂಡು ಹೆಚ್ಚಿಟ್ಟರೆ ಚಂದ್ರ ಸುಮಾರು 3 ಆರ್ಕ್‌ಸೆಕೆಂಡು (ಡಿಗ್ರಿಯ 3600ರಲ್ಲಿ ಒಂದು ಭಾಗ ಒಂದು ಆರ್ಕ್‌ಸೆಕೆಂಡು) ಮುಂದೆ ಹೋಗಿ ಕೂರುತ್ತಾನೆ, ಮುನ್ಸೂಚನೆ ಬೇಗ ಬರುತ್ತದೆ, ನೀವು ನೋಡಿದ್ದು ತಡ ಅನ್ನಿಸುತ್ತದೆ.

ಸೂತ್ರ ಬೇಡ, ಕೂಡಿ ಕಳೆಯಿರಿ: 32.184 + 37 − ಡಿಯುಟಿ1. 32.184 ಸ್ಥಿರ ಅಂಕಿ, 37 ಅಂದರೆ ಪರಮಾಣು ಕಾಲಕ್ಕಿಂತ ಯುಟಿಸಿ (ಜಗತ್ತಿನ ಅಧಿಕೃತ ಕಾಲ) ಹಿಂದಿರುವ ಸೆಕೆಂಡು, ಡಿಯುಟಿ1 ಅಂದರೆ ಭೂಮಿಯ ತಿರುಗುವಿಕೆಯ ಕಾಲದಿಂದ ಯುಟಿಸಿ ಕಳೆದದ್ದು. ಡಿಯುಟಿ1 ಅನ್ನು ಭೂಮಿಯ ತಿರುಗುವಿಕೆ ಗಮನಿಸುವ ಐಇಆರ್‌ಎಸ್ ಸಂಸ್ಥೆಯ ವಾರದ ಬುಲೆಟಿನ್ ಎ ನೋಡಿಯೇ ಹಾಕಿ. ಈಗ ಅದು ಸೊನ್ನೆಯ ಆಸುಪಾಸಿನಲ್ಲೇ ಇರುವುದರಿಂದ 69.1ರ ಹತ್ತಿರ ಬರುತ್ತದೆ. 37 ಅನ್ನುವುದು 2017ರ ಜನವರಿ 1ರಿಂದ ಬದಲಾಗಿಲ್ಲ, ಹಾಗಂತ ಕೋಡಿನಲ್ಲಿ ಕೆತ್ತಿಡಬೇಡಿ. ಸ್ಕೈಫೀಲ್ಡ್ (ಪೈಥಾನ್ ಲೈಬ್ರರಿ) ಬಳಸುವವರು ಟೈಮ್‌ಸ್ಕೇಲ್ ಲೋಡ್ ಮಾಡುವಾಗ ಬಿಲ್ಟ್‌ಇನ್ ಅನ್ನು ಫಾಲ್ಸ್ ಮಾಡಿ, ಹಳೇ ಫೈಲ್ ಡಿಸ್ಕ್‌ನಲ್ಲಿ ಇಲ್ಲದಿದ್ದರೆ ಹೊಸದು ತಾನೇ ಇಳಿಯುತ್ತದೆ. ಸ್ಟೆಲೇರಿಯಂ (ಆಕಾಶ ತೋರಿಸುವ ತಂತ್ರಾಂಶ) ಆದರೆ ಸಮಯದ ಸೆಟ್ಟಿಂಗ್‌ನಲ್ಲಿ ಯಾವ ಡೆಲ್ಟಾ ಟಿ ವಿಧಾನ ಆರಿಸಿದೆ ಅಂತ ನೋಡಿ.

ಇನ್ನು ವಿಡಿಯೊಗೆ ಸಮಯ ಕೊಡುವ ಜಿಪಿಎಸ್. ಆನ್ ಮಾಡಿ ಎರಡೇ ನಿಮಿಷಕ್ಕೆ ರೆಕಾರ್ಡಿಂಗ್ ಶುರು ಮಾಡಿದ್ದೀರಿ, ದಯವಿಟ್ಟು ಹಾಗೆ ಮಾಡಬೇಡಿ! ಜಿಪಿಎಸ್ ಕಾಲಕ್ಕೂ ಯುಟಿಸಿಗೂ ಈಗ 18 ಸೆಕೆಂಡು ಅಂತರ. ಅದನ್ನು ಹೇಳುವ ಸಂದೇಶ 12.5 ನಿಮಿಷಕ್ಕೊಮ್ಮೆ ಬರುತ್ತದೆ. ಅಲ್ಲಿಯತನಕ ಕೆಲವು ರಿಸೀವರ್‌ಗಳು ಫರ್ಮ್‌ವೇರ್‌ನ ಹಳೇ ಅಂಕಿಯನ್ನೇ ಹಿಡಿದಿರುತ್ತವೆ. ಬಯಲಲ್ಲಿ 20 ನಿಮಿಷ ಬಿಡಿ. ನನ್ನ ಮಟ್ಟಿಗೆ ಯು-ಬ್ಲಾಕ್ಸ್ ಎಂ8 ರಿಸೀವರ್ ಅಥವಾ ಅದಕ್ಕಿಂತ ಹೊಸದೇ ವಾಸಿ: ನ್ಯಾವ್-ಟೈಮ್‌ಎಲ್‌ಎಸ್ ಸಂದೇಶದಲ್ಲಿ ಈಗಿನ ಲೀಪ್ ಸೆಕೆಂಡಿನ (ಯುಟಿಸಿಗೆ ಆಗಾಗ ಸೇರಿಸುವ ಸೆಕೆಂಡು) ಮೂಲ 0 ಇದ್ದರೆ ಅದು ಫರ್ಮ್‌ವೇರ್‌ನ ಅಂಕಿ, 2 ಆದರೆ ಉಪಗ್ರಹದಿಂದ ಬಂದದ್ದು. ಪಿಪಿಎಸ್ (ಸೆಕೆಂಡಿಗೊಂದು ಮಿಡಿತ ಕೊಡುವ) ತಂತಿ ಇಲ್ಲದ ಮಾಡ್ಯೂಲ್ ಈ ಕೆಲಸಕ್ಕೆ ಬೇಡ, ಸೀರಿಯಲ್ ಸಾಲು ಬರುವುದು ತಡ, ಆ ತಡವೂ ಒಂದೇ ಸಮ ಇರುವುದಿಲ್ಲ.

ಎನ್‌ಟಿಪಿ (ಇಂಟರ್ನೆಟ್ ಮೂಲಕ ಗಡಿಯಾರ ಹೊಂದಿಸುವ ವ್ಯವಸ್ಥೆ) ಮೇಲೆ ನಿಂತವರು ಗೂಗಲ್ ಸರ್ವರ್‌ನ ಜತೆ ಬೇರೆಯದನ್ನು ಬೆರೆಸಬೇಡಿ. ಲೀಪ್ ಸೆಕೆಂಡು ಬಂದರೆ ಗೂಗಲ್ ಅದನ್ನು 24 ಗಂಟೆಗೆ ಹರಡುತ್ತದೆ, ಉಳಿದ ಹೆಚ್ಚಿನವು ಒಮ್ಮೆಗೇ ಸೇರಿಸುತ್ತವೆ.

ಲಾಗ್‌ನಲ್ಲಿ ಮಾತ್ರ ಶುದ್ಧ ಯುಟಿಸಿಯನ್ನೇ ಬರೆಯಿರಿ. ಡಿಯುಟಿ1 ಸೇರಿಸಿ ಕಳಿಸಿದರೆ ಲೆಕ್ಕ ಮಾಡುವವರು ಇನ್ನೊಮ್ಮೆ ಸೇರಿಸುತ್ತಾರೆ. ಹಳೆಯ ಐದು ಘಟನೆಗಳ ವಿಡಿಯೊ ಅಳಿಸಬೇಡಿ, 69.1 ಹಾಕಿ ಮತ್ತೆ ಲೆಕ್ಕ ಮಾಡಿ, ಉಳಿದ ವ್ಯತ್ಯಾಸ ಇಲ್ಲೇ ಹಾಕಿ.