ಸಂಬಳದ ಚೀಟಿಯ ಆ ಎರಡು ಅಕ್ಷರ

ಪ್ರಶ್ನೆ: ನಾನು ಮಂಗಳೂರು ಹತ್ತಿರದ ಬಜ್ಪೆ ಕಡೆಯವನು. ಕೆಲಸ ಸಿಕ್ಕಿ ಜರ್ಮನಿಯ ಸ್ಟಟ್‌ಗಾರ್ಟ್‌ಗೆ ಬಂದು ಎಂಟು ತಿಂಗಳಾಯಿತು. ವಿಳಾಸ ನೋಂದಾಯಿಸುವಾಗ ಧರ್ಮದ ಕಾಲಂನಲ್ಲಿ ಕಥೋಲಿಕ ಎಂದು ಬರೆದಿದ್ದೆ. ಈಗ ತಿಂಗಳು ತಿಂಗಳು ಸಂಬಳದಲ್ಲಿ ಚರ್ಚ್ ತೆರಿಗೆ ಮುರಿದುಕೊಳ್ಳುತ್ತಿದ್ದಾರೆ. ಜೊತೆಗೆ ಕೆಲಸ ಮಾಡುವ ಜರ್ಮನ್ನರು "ನಾವು ಯಾವತ್ತೋ ಹೊರಗೆ ಬಂದಾಯಿತು, ನೀನೂ ಬಾ" ಎನ್ನುತ್ತಾರೆ. ಭಾನುವಾರ ಪೂಜೆಗೆ ಹೋದರೆ ಬರೀ ಅಜ್ಜ–ಅಜ್ಜಿಯರು. ಇಲ್ಲಿಯವರಿಗೆ ದೇವರೇ ಬೇಡವಾಯಿತೇ? ನಾನೂ ಹೆಸರು ತೆಗೆಸಿದರೆ ಏನಾಗುತ್ತದೆ? ಅಮ್ಮನಿಗೆ ಇನ್ನೂ ಹೇಳಿಲ್ಲ.

ಉತ್ತರ: ನಿಮ್ಮ ಸಂಬಳದ ಚೀಟಿಯಲ್ಲಿ 'ಆರ್‌ಕೆ' ಎಂಬ ಎರಡು ಅಕ್ಷರ ಇರಬೇಕು, ನೋಡಿ. ರೋಮನ್ ಕಥೋಲಿಕ ಎಂದರ್ಥ. ಚರ್ಚ್ ತೆರಿಗೆಯನ್ನು ಸಂಬಳದ ಮೇಲೆ ಹಾಕುವುದಿಲ್ಲ, ಆದಾಯ ತೆರಿಗೆಯ ಮೇಲೆ ಹಾಕುತ್ತಾರೆ. ನೀವಿರುವ ಬಾಡೆನ್–ವ್ಯೂರ್ಟೆಂಬರ್ಗ್‌ನಲ್ಲೂ ಬವೇರಿಯಾದಲ್ಲೂ ಶೇ 8, ಉಳಿದ ಕಡೆ ಶೇ 9. ತಿಂಗಳಿಗೆ 500 ಯೂರೊ ಆದಾಯ ತೆರಿಗೆ ಕಟ್ಟುವವರಿಗೆ ಇದು 40 ಯೂರೊ. ವಸೂಲಿ ಮಾಡುವುದು ಸರ್ಕಾರದ ತೆರಿಗೆ ಕಚೇರಿ. ದುಡ್ಡು ಹೋಗುವುದು ಚರ್ಚಿಗೆ.

ಸರ್ಕಾರ ಏಕೆ ಈ ಕೆಲಸ ಮಾಡುತ್ತದೆ ಎಂದರೆ ಅದಕ್ಕೊಂದು ಹಳೆಯ ಋಣದ ಕಥೆಯಿದೆ. 1803ರಲ್ಲಿ ಜರ್ಮನ್ ರಾಜರು ಚರ್ಚಿನ ಭೂಮಿ–ಕಾಣಿಯನ್ನು ವಶಪಡಿಸಿಕೊಂಡರು. ಆಗ ಪಾದ್ರಿಗಳ ಹೊಟ್ಟೆಪಾಡಿನ ಹೊರೆ ಅವರ ಮೇಲೆಯೇ ಬಿತ್ತು. ಆ ಶತಮಾನ ಮುಗಿಯುವುದರೊಳಗೆ ಹೊರೆಯನ್ನು ಮೆಲ್ಲಗೆ ಭಕ್ತರ ಹೆಗಲಿಗೆ ದಾಟಿಸಿದರು. 1919ರ ಸಂವಿಧಾನ ತೆರಿಗೆಯ ಹಕ್ಕನ್ನು ಬರೆದಿಟ್ಟಿತು, 1949ರದು ಹಾಗೆಯೇ ಉಳಿಸಿಕೊಂಡಿತು.

ಹೀಗಾಗಿ ನಮ್ಮ ಊರಿನಲ್ಲಿ ಯಾರೂ ಕೇಳದ ಪ್ರಶ್ನೆಯನ್ನು ಜರ್ಮನಿ ಪ್ರತಿಯೊಬ್ಬನಿಗೂ ಕೇಳುತ್ತದೆ: ನೀನು ಒಳಗೋ ಹೊರಗೋ? ಬಜ್ಪೆಯಲ್ಲಿ ಇಗರ್ಜಿಗೆ ಹೋಗುವುದು ಬಿಟ್ಟವನೂ ಮರಿಯಮ್ಮನ ಮೊಂತಿ ಹಬ್ಬಕ್ಕೆ ಹೊಸ ತೆನೆಯ ಊಟಕ್ಕೆ ಕೂರುತ್ತಾನೆ. ಅವನು ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಜರ್ಮನಿಯಲ್ಲಿ ಬಿಟ್ಟವನು ನೋಂದಣಿ ಕಚೇರಿಗೆ ಹೋಗಿ, ಶುಲ್ಕ ಕಟ್ಟಿ, ಸಹಿ ಹಾಕಿ ಬರಬೇಕು.

ಲೆಕ್ಕ ದೊಡ್ಡದೇ. 1990ರಲ್ಲಿ ಕಥೋಲಿಕ ಮತ್ತು ಪ್ರೊಟೆಸ್ಟೆಂಟ್ ಚರ್ಚ್‌ಗಳ ಸದಸ್ಯರು ಜನಸಂಖ್ಯೆಯ ಶೇ 70ಕ್ಕೂ ಹೆಚ್ಚಿದ್ದರು. 2022ರ ಹೊತ್ತಿಗೆ ಇಬ್ಬರೂ ಸೇರಿ ಅರ್ಧಕ್ಕಿಂತ ಕೆಳಗಿಳಿದರು. ಆ ಒಂದೇ ವರ್ಷ 5.22 ಲಕ್ಷ ಕಥೋಲಿಕರು ಹೊರನಡೆದರು. ಮರುವರ್ಷ 4.02 ಲಕ್ಷ, 2024ರಲ್ಲಿ 3.21 ಲಕ್ಷ.

ತೆರಿಗೆ ತಪ್ಪಿಸಲು ಹೋದರು ಎನ್ನುವುದು ಅರ್ಧ ಸತ್ಯ. ಇಂಗ್ಲೆಂಡಿನಲ್ಲಿ ಇಂಥ ತೆರಿಗೆಯೇ ಇಲ್ಲ. ಆದರೂ ಇಂಗ್ಲೆಂಡ್ ಮತ್ತು ವೇಲ್ಸ್ ಜನಗಣತಿಯಲ್ಲಿ ತಾವು ಕ್ರೈಸ್ತರು ಎಂದವರು 2011ರಲ್ಲಿ ಶೇ 59.3 ಇದ್ದದ್ದು 2021ರಲ್ಲಿ ಶೇ 46.2ಕ್ಕೆ ಬಂತು, 'ಯಾವ ಧರ್ಮವೂ ಇಲ್ಲ' ಎಂದವರು ಶೇ 37.2. ಜರ್ಮನಿಯಲ್ಲಿ ಸಿಟ್ಟೂ ಸೇರಿಕೊಂಡಿತು. 1946ರಿಂದ 2014ರವರೆಗೆ ಕನಿಷ್ಠ 3,677 ಮಕ್ಕಳ ಮೇಲೆ ಪಾದ್ರಿಗಳು ಲೈಂಗಿಕ ದೌರ್ಜನ್ಯ ನಡೆಸಿದ್ದರೆಂದು ಬಿಷಪ್‌ಗಳೇ ಮಾಡಿಸಿದ ಅಧ್ಯಯನ 2018ರಲ್ಲಿ ಹೇಳಿತು. ಆದರೂ ಆಳದ ಕಾರಣ ಇಷ್ಟು ಸದ್ದು ಮಾಡುವಂಥದಲ್ಲ. ಅಜ್ಜಿ ಪ್ರತಿವಾರ ಹೋದಳು, ಅಮ್ಮ ಕ್ರಿಸ್ಮಸ್‌ಗೆ ಮಾತ್ರ ಹೋದಳು, ಮಗನಿಗೆ ದೀಕ್ಷಾಸ್ನಾನವೊಂದು ಆಯಿತು. ಆ ಮಗ ಮೊದಲ ಸಂಬಳದ ಚೀಟಿ ನೋಡಿ 'ಇದೇನಿದು' ಎನ್ನುತ್ತಾನೆ. ಅವನ ಮನಸ್ಸು ಹೊರಗೆ ಹೋಗಿ ಎಷ್ಟೋ ವರ್ಷಗಳಾಗಿರುತ್ತವೆ, ಕಾಗದ ಹಿಂದಿನಿಂದ ಹೋಗುತ್ತದೆ. ಹಾಗೆ ಹೋದವರೆಲ್ಲ ನಾಸ್ತಿಕರೂ ಅಲ್ಲ. ಕಷ್ಟಕಾಲದಲ್ಲಿ ಮೊಂಬತ್ತಿ ಹಚ್ಚುವವರು ಅವರಲ್ಲೂ ಇದ್ದಾರೆ.

ಒಂದು ತಮಾಷೆ ನೋಡಿ. 1843ರಲ್ಲಿ ಮಂಗಳೂರಿನಿಂದ ಕನ್ನಡದ ಮೊದಲ ಪತ್ರಿಕೆ ಹೊರಡಿಸಿದ ಮಿಷನರಿ ಹೆರ್ಮನ್ ಮೋಗ್ಲಿಂಗ್ ನೀವಿರುವ ವ್ಯೂರ್ಟೆಂಬರ್ಗ್ ಸೀಮೆಯವರೇ (ಅವರು ಪ್ರೊಟೆಸ್ಟೆಂಟ್, ಇರಲಿ). ಈಗ ಪಾದ್ರಿಗಳಿಲ್ಲದ ಜರ್ಮನ್ ಇಗರ್ಜಿಗಳಿಗೆ ಭಾರತದಿಂದ, ಅದರಲ್ಲೂ ಕೇರಳದಿಂದ, ಫಾದರ್‌ಗಳು ಬರುತ್ತಿದ್ದಾರೆ.

ಇನ್ನು ನಿಮ್ಮ ವಿಷಯ. 'ತೆರಿಗೆ ಮಾತ್ರ ಬೇಡ, ಪೂಜೆಗೆ ಬರುತ್ತೇನೆ' ಎಂಬ ದಾರಿಯನ್ನು ಜರ್ಮನ್ ಬಿಷಪ್‌ಗಳು 2012ರ ಆದೇಶದಲ್ಲಿ ಮುಚ್ಚಿದ್ದಾರೆ. ಹೆಸರು ತೆಗೆಸಿದವರಿಗೆ ಪಾಪನಿವೇದನೆಯಿಲ್ಲ, ಪರಮಪ್ರಸಾದವಿಲ್ಲ, ಮಗುವಿನ ದೀಕ್ಷಾಸ್ನಾನಕ್ಕೆ ಗಾಡ್‌ಫಾದರ್ ಆಗಿ ನಿಲ್ಲುವಂತಿಲ್ಲ. ಚರ್ಚಿನಲ್ಲಿ ಮದುವೆಯಾಗಲು ಬಿಷಪರ ಅನುಮತಿ ಬೇಕು. ಇದು ಕಠಿಣವೆಂದೇ ನನ್ನ ಅಭಿಪ್ರಾಯ, ಆದರೆ ನಿಯಮ ಇರುವುದು ಹೀಗೆ. ಮುಂದೆ ಊರಲ್ಲಿ ಇಗರ್ಜಿಯಲ್ಲೇ ಮದುವೆ ಎಂದುಕೊಂಡಿದ್ದರೆ ಸಹೋದ್ಯೋಗಿಗಳ ಮಾತಿಗೆ ಸಹಿ ಹಾಕಬೇಡಿ. ಅವರಿಗೆ ಆ ಯೋಚನೆ ಇಲ್ಲ, ನಿಮಗಿದೆ. ಕಟ್ಟಿದ ಚರ್ಚ್ ತೆರಿಗೆಯನ್ನು ವರ್ಷದ ಆದಾಯ ಲೆಕ್ಕದಲ್ಲಿ ಖರ್ಚೆಂದು ತೋರಿಸಿದರೆ ಸ್ವಲ್ಪ ವಾಪಸ್ ಬರುತ್ತದೆ. ಜರ್ಮನಿ ಬಿಟ್ಟು ಊರಿಗೆ ಮರಳಿದರೆ ತೆರಿಗೆ ತಾನಾಗಿ ನಿಲ್ಲುತ್ತದೆ, ಅದಕ್ಕೆ ಯಾರೂ ಹೆಸರು ತೆಗೆಸಬೇಕಿಲ್ಲ. ಅಮ್ಮನಿಗೆ ಇಷ್ಟನ್ನು ಮೊದಲು ಹೇಳಬಹುದು.